ವರ್ಡ್‌ಪ್ರೆಸ್ಸೋ ವಿಕ್ಸೋ? ಕನ್ನಡ ಸೈಟು ಕಟ್ಟುವವರಿಗೆ

ಎರಡೂ ವೆಬ್‌ಸೈಟು ಕಟ್ಟುವ ಸಾಧನಗಳು. ನಾಲ್ಕೈದು ಪುಟದ ಅಂಗಡಿ ಸೈಟು, ನೋಡಿಕೊಳ್ಳಲು ಜನ ಇಲ್ಲ ಅಂದರೆ ವಿಕ್ಸ್ ಸಾಕು. ಹೋಸ್ಟಿಂಗ್ (ಸೈಟನ್ನು ನೆಟ್ಟಿನಲ್ಲಿ ಇಡುವ ಜಾಗ), ಅಪ್‌ಡೇಟ್ ವಿಕ್ಸ್‌ನವರದೇ ತಲೆನೋವು. ಆದರೆ ಸೈಟು ಕಟ್ಟಿದ ಮೇಲೆ ಟೆಂಪ್ಲೇಟ್ (ಸಿದ್ಧ ವಿನ್ಯಾಸ) ಬದಲಿಸಲಾಗದು; ಇಡೀ ಸೈಟನ್ನು ಬೇರೆ ಹೋಸ್ಟಿಗೆ ಎತ್ತಿಕೊಂಡು ಹೋಗಲೂ ಬಾರದು.

ವಾರವಾರ ಬರಹ ಹಾಕುವವರಿಗೆ 2003ರಿಂದ ಇರುವ ವರ್ಡ್‌ಪ್ರೆಸ್ಸೇ ಸೈ. ತಂತ್ರಾಂಶ ಪುಕ್ಕಟೆ, ಡೊಮೈನ್‌ಗೂ (ಸೈಟಿನ ಹೆಸರು) ಹೋಸ್ಟಿಂಗ್‌ಗೂ ದುಡ್ಡು. ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ತುಣುಕು ತಂತ್ರಾಂಶ) ಅಪ್‌ಡೇಟಿಗೆ ಮುಂಚೆ ಬ್ಯಾಕಪ್ ತೆಗೆದಿಡಿ. ಒಂದಕ್ಕೊಂದು ತಾಳೆಯಾಗದೆ ಪುಟ ಬರೀ ಬಿಳಿ ಕಾಣುವುದುಂಟು.

ಕನ್ನಡ ಶೀರ್ಷಿಕೆಯದು ಬೇರೆಯೇ ರಗಳೆ. ವರ್ಡ್‌ಪ್ರೆಸ್ ಲಿಂಕಿನಲ್ಲಿ ಪ್ರತಿ ಅಕ್ಷರವೂ, ಪ್ರತಿ ಸ್ವರಚಿಹ್ನೆಯೂ 9 ಸ್ಥಾನ ನುಂಗುತ್ತದೆ. ‘ಮೈಸೂರು’ ಒಂದಕ್ಕೇ 54! ಮಿತಿ 200; ಉದ್ದ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಸ್ಲಗ್ಗನ್ನು (ಲಿಂಕಿನಲ್ಲಿ ಶೀರ್ಷಿಕೆ ಬರುವ ಭಾಗ) ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಇನ್ನು ಸಾಲಿನ ಎತ್ತರ: ವಿಕ್ಸ್, ವರ್ಡ್‌ಪ್ರೆಸ್ ಎರಡರಲ್ಲೂ ಅಕ್ಷರದ ಗಾತ್ರದ 1.7 ಪಟ್ಟಿನ ಆಸುಪಾಸು ಇಡಿ, 1.2 ಇಟ್ಟರೆ ಒತ್ತಕ್ಷರ ಕೆಳಸಾಲಿಗೆ ತಾಗುತ್ತದೆ.