ಕಟ್ಟಿದ ಮೂಗಿಗೆ ಮಾತ್ರೆಯೋ, ಹಬೆಯೋ, ಉಪ್ಪುನೀರೋ?

ಒಂದೇ ವರ್ಷದಲ್ಲಿ ಎರಡು ಸಲ ಜೋರು ನೆಗಡಿ ಬಂತು. ಒಂದು ಜುಲೈ ಮಳೆಯಲ್ಲಿ, ಇನ್ನೊಂದು ಡಿಸೆಂಬರ್ ಚಳಿಯಲ್ಲಿ. ಬೆಂಗಳೂರಿನಲ್ಲಿ ಆಫೀಸಿಗೆ ಸ್ಕೂಟರ್‌ನಲ್ಲಿ ಮುಕ್ಕಾಲು ಗಂಟೆ ದಾರಿ. ಮೊದಲ ಸಲ ಮಾತ್ರೆ ನುಂಗಿಕೊಂಡೇ ಕೆಲಸಕ್ಕೆ ಹೋದೆ. ಎರಡನೇ ಸಲ ಮನೆಮದ್ದು, ಉಪ್ಪುನೀರು, ಎರಡು ದಿನ ರಜೆ. ಎರಡು ಸಲವೂ ಪೂರ್ತಿ ಹೋಗಲು ಒಂಬತ್ತು ದಿನವೇ ಹಿಡಿಯಿತು. ನೆಗಡಿ ವೈರಸ್ಸಿನಿಂದ ಬರುವುದು, ಅದನ್ನು ಓಡಿಸುವ ಮಾತ್ರೆ ಅಂಗಡಿಯಲ್ಲಿ ಸಿಗುವುದಿಲ್ಲ. ಆ್ಯಂಟಿಬಯೋಟಿಕ್ಕಿಗೂ ಅಲ್ಲಿ ಕೆಲಸವಿಲ್ಲ. ಅದಕ್ಕೇ ನಾನು ಎಲ್ಲವನ್ನೂ ಅಳೆದದ್ದು ಒಂದೇ ಪ್ರಶ್ನೆಯಿಂದ: ರಾತ್ರಿ ನಿದ್ದೆ ಬಂತಾ?

ಮೆಡಿಕಲ್ ಶಾಪಿನಲ್ಲಿ "ನೆಗಡಿ" ಅಂದರೆ ಎರಡು ಮೂರು ಔಷಧ ಒಂದರಲ್ಲೇ ಸೇರಿದ ಮಾತ್ರೆ ಕೊಡುತ್ತಾರೆ. ನನಗೆ ಸಿಕ್ಕಿದ್ದರಲ್ಲಿ ಪ್ಯಾರಸಿಟಮಾಲ್, ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಇದ್ದವು: ಮೊದಲನೆಯದು ನೋವು ಜ್ವರಕ್ಕೆ, ಎರಡನೆಯದು ಸೋರುವ ಮೂಗಿಗೆ, ಮೂರನೆಯದು ಕಟ್ಟಿದ ಮೂಗಿಗೆ. ಮೈಕೈ ನೋವು ಇಳಿಯಿತು, ಮೂಗು ಸೋರುವುದೂ ಕಡಿಮೆಯಾಯಿತು. ಆದರೆ ಕಟ್ಟಿದ ಮೂಗು ಕಟ್ಟಿದ ಹಾಗೇ ಇತ್ತು. ಬಾಯಿಂದ ನುಂಗಿದ ಫಿನೈಲೆಫ್ರಿನ್ ಮೂಗು ಬಿಡಿಸುವುದಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ತಜ್ಞರ ಸಮಿತಿ 2023ರಲ್ಲೇ ಹೇಳಿದೆ. ಇನ್ನೊಂದು ಕಷ್ಟ, ಕ್ಲೋರ್‌ಫೆನಿರಮೈನ್ ತರುವ ತೂಕಡಿಕೆ. ಸಂಜೆ ಸಿಗ್ನಲ್ ಹಸಿರಾದದ್ದು ಹಿಂದಿನವರು ಹಾರ್ನ್ ಹೊಡೆದ ಮೇಲೇ ಗೊತ್ತಾಯಿತು. ಕೈ ನಡುಗಿತು. ಗಾಡಿ ಓಡಿಸುವವರು ದಯವಿಟ್ಟು ಇದನ್ನು ಹಗಲಲ್ಲಿ ನುಂಗಬೇಡಿ.

ಇದರ ಮೇಲೆ ಜ್ವರಕ್ಕೆ ಅಂತ 650ರ ಮಾತ್ರೆ ಬೇರೆ ತಗೊಳ್ಳುವವರಿದ್ದಾರೆ. ಎರಡರಲ್ಲೂ ಇರುವುದು ಪ್ಯಾರಸಿಟಮಾಲೇ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು, ಜಾಸ್ತಿಯಾದರೆ ಲಿವರಿಗೆ ಪೆಟ್ಟು. ಡಿಸೆಂಬರಿನಲ್ಲಿ ಮೈ ಕಾದಾಗ ಬರೀ ಪ್ಯಾರಸಿಟಮಾಲ್ ಒಂದೇ ತಗೊಂಡೆ. ಅಷ್ಟು ಸಾಕಾಯಿತು.

ಇನ್ನು ರಾತ್ರಿಯ ಮೂಗು. ಹಬೆ ತಗೊಂಡಾಗ ಹಾಯೆನಿಸಿತು, ಆದರೆ ಮಲಗಿ ಅರ್ಧ ಗಂಟೆಯಲ್ಲಿ ಮತ್ತೆ ಕಟ್ಟಿತು. ಕುದಿಯುವ ಪಾತ್ರೆಯ ಮೇಲೆ ಟವೆಲ್ ಹೊದ್ದು ಬಗ್ಗುವುದು ಅಪಾಯವೂ ಹೌದು, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಕ್ಸೈಲೋಮೆಟಜೋಲಿನ್ ಡ್ರಾಪ್ಸ್ ಹಾಕಿದರೆ ಐದು ಹತ್ತು ನಿಮಿಷದಲ್ಲಿ ಮೂಗು ಬಿಟ್ಟು, ಬೆಳಗಿನ ತನಕ ನಿದ್ದೆ. ಇದಕ್ಕೆ ಸಮ ಯಾವುದೂ ಇಲ್ಲ. ಆದರೆ ಜುಲೈನಲ್ಲಿ ಎಂಟು ದಿನ ಹಾಕಿಕೊಂಡೆ. ಕೊನೆಕೊನೆಗೆ ಡ್ರಾಪ್ಸಿನ ಪ್ರಭಾವ ಇಳಿದ ಕೂಡಲೇ ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತಿತ್ತು. ಐದು ದಿನ ಮೀರಿದರೆ ಹಾಗಾಗುತ್ತದೆ. ಬಿಪಿ ಇರುವವರು ಡಾಕ್ಟರನ್ನು ಕೇಳಿಯೇ ಹಾಕಬೇಕು.

ಉಪ್ಪುನೀರು ನಿಧಾನ, ಆದರೆ ನನಗೆ ಇದೇ ಇಷ್ಟವಾಯಿತು. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಟೀಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ. ನಲ್ಲಿ ನೀರು ನೇರವಾಗಿ ಬೇಡ. ಸಿಂಕಿನ ಮೇಲೆ ಬಗ್ಗಿ, ತಲೆ ಓರೆ ಮಾಡಿ, ಬಾಯಲ್ಲಿ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ಹುಯ್ದರೆ ಕೆಳಗಿನದರಿಂದ ಇಳಿಯುತ್ತದೆ. ಮೊದಲ ದಿನ ಕಣ್ಣಲ್ಲಿ ನೀರು ಬಂತು, ಮೂರನೇ ದಿನಕ್ಕೆ ರೂಢಿಯಾಯಿತು. ಡಿಸೆಂಬರಿನಲ್ಲಿ ಮೂರು ರಾತ್ರಿ ಮಾತ್ರ ಡ್ರಾಪ್ಸ್, ಉಳಿದದ್ದೆಲ್ಲ ಉಪ್ಪುನೀರು. ಮತ್ತೆ ಮೂಗು ಕಟ್ಟುವ ಕಾಟವೇ ಬರಲಿಲ್ಲ.

ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ: "ಕಷಾಯ ಮಾಡ್ಕೊಂಡ್ಯೇನೇ?" ಮಾಡಿಕೊಂಡೆ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು ಹುರಿದು ಕುಟ್ಟಿ, ಜಜ್ಜಿದ ಶುಂಠಿ, ಬೆಲ್ಲ ಹಾಕಿ ಕುದಿಸಿದ್ದು. ಗಂಟಲ ಕೆರೆತಕ್ಕೆ ಬಹಳ ಹಿತ. ಆದರೆ ದಿನಕ್ಕೆ ಎರಡು ಲೋಟ ದಾಟಿದಾಗ ಹೊಟ್ಟೆ ಉರಿಯಿತು. ನನ್ನ ಓಟು ಮೆಣಸಿನ ಸಾರಿಗೆ. ಬಾಯಿ ರುಚಿ ಸತ್ತಿರುವಾಗ ಬಿಸಿ ಅನ್ನಕ್ಕೆ ಸಾರು, ಒಂದು ಚಮಚ ತುಪ್ಪ ಕಲಸಿಕೊಂಡರೆ ಎರಡು ತುತ್ತಾದರೂ ಒಳಗೆ ಹೋಗುತ್ತದೆ, ಅಲ್ವಾ?

ರಜೆ ಹಾಕುವುದಾದರೆ ಮೊದಲ ಎರಡು ದಿನವೇ ಹಾಕಿ. ಪಕ್ಕದವರಿಗೆ ಹೆಚ್ಚು ಅಂಟುವುದೂ ಆಗಲೇ. ಮೂರು ದಿನವಾದರೂ ಜ್ವರ ಬಿಡದಿದ್ದರೆ, ಉಸಿರಾಡಲು ಕಷ್ಟವಾದರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಿ.