ಗಾಂಧಿ ಚೌಕದ ಹಿಂದಿನ ಓಣಿಯ ರೊಟ್ಟಿ ಡಬ್ಬಿ: ಅವ್ವನಿಗೆ ಹಚ್ಚಿ ಎಂಟು ತಿಂಗಳಾಯ್ತು

ವಿಜಯಪುರದ ಮನೆಯಲ್ಲಿ ಅವ್ವ ಒಬ್ಬಳೇ ಇದ್ದಾಳೆ. ನಾನು ಬೆಂಗಳೂರು, ತಂಗಿ ಪುಣೆ. ಹನ್ನೊಂದು ಜನರ ಮನೆಗೆ ದಿನಾ ರೊಟ್ಟಿ ಬಡಿದ ಕೈ ಅವಳದು, ಆದರೆ ಅಪ್ಪ ಹೋದ ಮೇಲೆ ಹಂಚನ್ನೇ ಎತ್ತಿಟ್ಟಳು. ಕೇಳಿದರೆ "ಒಬ್ಬಾಕಿಗೆ ಏನ್ ಒಲಿ ಹಚ್ಚೂದು ಬಿಡಪಾ" ಅನ್ನುತ್ತಿದ್ದಳು. ಎಷ್ಟೋ ರಾತ್ರಿ ಬ್ರೆಡ್ಡು, ಹಾಲು ಅಷ್ಟೇ. ಅದಕ್ಕೇ ಈ ಡಬ್ಬಿ ಹಚ್ಚಿದೆ.

ಅಂಗಡಿಯಲ್ಲ, ಬೋರ್ಡೂ ಇಲ್ಲ. ಇಬ್ಬರು ನೆಗೆಣ್ಣಿಯರು ನಡೆಸುತ್ತಾರೆ. ಅಣ್ಣತಮ್ಮಂದಿರು ಬೇರೆಯಾಗಿ ಮನೆ ನಡುವೆ ಗೋಡೆ ಎದ್ದಿದೆ, ಇವರಿಬ್ಬರ ಒಲೆ ಮಾತ್ರ ಇನ್ನೂ ಒಂದೇ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗಿ ಇರಲ್ಲ ಅಲ್ವಾ, ಕುದಿಯುವ ನೀರು ಹಾಕಿ ಚೆನ್ನಾಗಿ ನಾದಬೇಕು. ಒಬ್ಬರು ನಾದುತ್ತಾರೆ, ಇನ್ನೊಬ್ಬರು ಬಡಿಯುತ್ತಾರೆ.

ತಿಂಗಳಿಗೆ 2,400 ರೂಪಾಯಿ, ಒಂದೇ ಹೊತ್ತು. ಮೂರು ರೊಟ್ಟಿ, ಒಂದು ಕಾಳಿನ ಪಲ್ಯ, ಶೇಂಗಾ ಹಿಂಡಿ, ಅನ್ನ, ಸಾರು. ರೊಟ್ಟಿ ಮೆತ್ತಗೆ, ಅಂಚು ಒಡೆದಿರುವುದಿಲ್ಲ. ಎಣ್ಣೆಗಾಯಿ ಇದ್ದ ದಿನ ಅವ್ವ ತಾನೇ ಫೋನ್ ಮಾಡಿ ಹೇಳುತ್ತಾಳೆ. ಸಾರಿಗೆ ಉಪ್ಪು ಜಾಸ್ತಿ, ಬಿಪಿ ಇದೆ ಅಂತ ಎರಡು ಸಲ ಹೇಳಿದ ಮೇಲೆ ಕಡಿಮೆ ಮಾಡಿದರು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಅಂತ ಮೂರು ದಿನ ಡಬ್ಬಿ ಬಂದ್, ಮುಂಚೆ ಹೇಳಲೇ ಇಲ್ಲ. ಅದು ನನಗೆ ಬಹಳ ಬೇಜಾರಾಯ್ತು, ಅವ್ವ ಮತ್ತೆ ಬ್ರೆಡ್ಡು ತಿಂದಿದ್ದಳು.

ಆದರೂ ನಾನು ಬಿಡಲಿಲ್ಲ, ಯಾಕೆ ಅಂದರೆ ಇವರು ವಾಪಸ್ ಬಂದ ಡಬ್ಬಿಯನ್ನು ತೆರೆದು ನೋಡುತ್ತಾರೆ. ಒಂದು ದಿನ ಕಿರಿಯ ನೆಗೆಣ್ಣಿ ಫೋನ್ ಮಾಡಿ "ಅಣ್ಣಾರ, ಆಯಿ ನಿನ್ನೆ ಎರಡು ರೊಟ್ಟಿ ಹಂಗಽ ಬಿಟ್ಟಾರ, ಆರಾಮ ಅದಾರಿಲ್ರಿ?" ಅಂದರು. ಅವ್ವನಿಗೆ ಜ್ವರ ಇತ್ತು. ನನಗೆ ಹೇಳಿರಲಿಲ್ಲ. ತಂದೆತಾಯಿಯನ್ನು ನೋಡಿಕೊಳ್ಳಬೇಕು ಅಂತ 2007ರಲ್ಲೇ ಕಾನೂನು ಬಂದಿದೆ, ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು ಅದರಲ್ಲಿ ಅವಕಾಶ ಇದೆ. ದುಡ್ಡು ನಾನೂ ತಪ್ಪದೇ ಕಳಿಸುತ್ತಿದ್ದೆ. ಆದರೆ ಉಳಿದ ರೊಟ್ಟಿ ಎಣಿಸಿದ್ದು ಅವರು, 500 ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿರುವ ನಾನಲ್ಲ. ಆ ರಾತ್ರಿಯೇ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ.

ಒಬ್ಬರೇ ಇರುವ ಹಿರಿಯರಿಗೆ ಧೈರ್ಯವಾಗಿ ಹಚ್ಚಿ, ಹಬ್ಬದ ರಜೆ ಮಾತ್ರ ಮೊದಲೇ ಕೇಳಿಕೊಳ್ಳಿ.

ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅವ್ವ ಅದರಲ್ಲಿ ಸ್ವಲ್ಪ ಸಕ್ಕರೆ ಹಾಕಿ ಕಳಿಸುತ್ತಿದ್ದಳು. ಎಳ್ಳಮಾವಾಸ್ಯೆಯ ದಿನ ಎಳ್ಳು ಹಚ್ಚಿದ ನಾಲ್ಕು ಸಜ್ಜೆ ರೊಟ್ಟಿ ಇಟ್ಟು ಕಳಿಸಿದ್ದಳಂತೆ. ಹಂಚು ಮತ್ತೆ ಯಾವಾಗ ಇಳಿಸಿಕೊಂಡಳೋ, ನನಗೆ ಹೇಳಿದ್ದು ಆ ನೆಗೆಣ್ಣಿಯರೇ.