ರಕ್ತ ತೋರಿಸಿದ ಚಿತ್ರ, ರಕ್ತ ಮರೆಸಿದ ಚಿತ್ರ: 1969ರ ಎರಡು ವೆಸ್ಟರ್ನ್‌ಗಳು

ಸ್ಯಾಮ್ ಪೆಕಿನ್‌ಪಾ ನಿರ್ದೇಶಿಸಿದ ‘ದಿ ವೈಲ್ಡ್ ಬಂಚ್’ ಹಿಂಸೆಯ ನಿಜರೂಪವನ್ನು ತೆರೆಗೆ ತಂದ ಚಿತ್ರ ಎಂಬ ಹೊಗಳಿಕೆಯ ಬಗ್ಗೆ ನನಗೆ ಬಹುಕಾಲದಿಂದ ಅನುಮಾನವಿತ್ತು. ಹೆಚ್ಚು ರಕ್ತ ತೋರಿಸಿದ ಮಾತ್ರಕ್ಕೆ ಹೆಚ್ಚು ಸತ್ಯ ಹೇಳಿದಂತಾಗುವುದಿಲ್ಲ. ಆದ್ದರಿಂದ ಅದೇ 1969ರಲ್ಲಿ ಬಂದ, ಜಾರ್ಜ್ ರಾಯ್ ಹಿಲ್ ಅವರ ‘ಬುಚ್ ಕ್ಯಾಸಿಡಿ ಅಂಡ್ ದಿ ಸನ್‌ಡ್ಯಾನ್ಸ್ ಕಿಡ್’ ಚಿತ್ರವನ್ನು ಅದರ ಪಕ್ಕಕ್ಕಿಟ್ಟು, ಒಂದರ ಬೆನ್ನಿಗೆ ಇನ್ನೊಂದನ್ನು ನೋಡಿದೆ. ಎರಡರಲ್ಲೂ ಕಾಲ ಮುಗಿದ ದರೋಡೆಕೋರರಿದ್ದಾರೆ, ರೈಲು ಲೂಟಿಯಿದೆ, ರೈಲ್ವೆಯವರು ಹಣ ಕೊಟ್ಟು ಹಿಂದೆ ಬಿಟ್ಟ ಬೇಟೆಗಾರರಿದ್ದಾರೆ. ಒಂದರಲ್ಲಿ ಮೆಕ್ಸಿಕೊದಲ್ಲಿ, ಇನ್ನೊಂದರಲ್ಲಿ ಬೊಲಿವಿಯಾದಲ್ಲಿ, ಅಲ್ಲಿಯ ಸೈನಿಕರ ಗುಂಡಿಗೆ ಕಥೆ ಮುಗಿಯುತ್ತದೆ.

‘ವೈಲ್ಡ್ ಬಂಚ್’ 1913ರ ಟೆಕ್ಸಾಸ್ ಗಡಿಯ ಊರೊಂದರಲ್ಲಿ ಆರಂಭವಾಗುತ್ತದೆ. ಸೈನಿಕರ ವೇಷದಲ್ಲಿ ದರೋಡೆಕೋರರು ಊರು ಹೊಗುವಾಗ, ದಾರಿಬದಿಯಲ್ಲಿ ಮಕ್ಕಳು ಚೇಳುಗಳನ್ನು ಇರುವೆಗಳ ನಡುವೆ ಬಿಟ್ಟು ನಗುತ್ತಿರುತ್ತಾರೆ. ಮುಂದೆ ಪಾನನಿರೋಧ ಮೆರವಣಿಗೆಯ ಜನ ಎರಡು ಗುಂಪುಗಳ ಗುಂಡಿನ ನಡುವೆ ಸಿಕ್ಕಿ ಸಾಯುತ್ತಾರೆ; ಅದೆಲ್ಲ ಮುಗಿದ ಮೇಲೆ ಮಕ್ಕಳು ಅದೇ ಗುಂಡಿನ ಕಾಳಗವನ್ನು ಆಟವಾಗಿ ಆಡುತ್ತಾರೆ. ಕೊನೆಯಲ್ಲಿ ವಿಲಿಯಂ ಹೋಲ್ಡನ್ ಅಭಿನಯಿಸಿದ ನಾಯಕ ಪೈಕ್‌ನ ಮೇಲೆ ಸಮವಸ್ತ್ರ ತೊಟ್ಟ ಒಬ್ಬ ಹುಡುಗ ಗುಂಡು ಹಾರಿಸುತ್ತಾನೆ. ದೊಡ್ಡವರ ಕ್ರೌರ್ಯವನ್ನು ಚಿಕ್ಕವರು ಕಣ್ಣಿನಿಂದ ಕಲಿಯುವ ಈ ಎಳೆ ಇಷ್ಟು ವರ್ಷಗಳ ನಂತರವೂ ನನ್ನನ್ನು ಅಲ್ಲಾಡಿಸಿತು. ಅದಕ್ಕೆ ಹೋಲಿಸಿದರೆ ಚಿಮ್ಮುವ ರಕ್ತ ಇಂದಿನ ಕಣ್ಣಿಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ.

ತಂತ್ರದ ವಿಷಯದಲ್ಲಿ ನನ್ನ ಅನುಮಾನ ಹಾಗೆಯೇ ಉಳಿಯಿತು. ಛಾಯಾಗ್ರಾಹಕ ಲೂಸಿಯನ್ ಬಲ್ಲಾರ್ಡ್ ಹಲವು ಕ್ಯಾಮೆರಾಗಳನ್ನು ಬೇರೆಬೇರೆ ವೇಗದಲ್ಲಿ ಓಡಿಸಿದರು. ಸಂಕಲನಕಾರ ಲೂ ಲೊಂಬಾರ್ಡೊ ನಿಧಾನಗತಿಯ ತುಣುಕುಗಳನ್ನು ವೇಗದ ತುಣುಕುಗಳೊಳಗೆ ಹೆಣೆದರು. ಒಬ್ಬನ ದೇಹ ನೆಲ ಮುಟ್ಟುವ ಮೊದಲೇ ಇನ್ನೂ ಮೂವರು ಬೀಳುತ್ತಿರುತ್ತಾರೆ. ಆರಂಭದ ಕಾಳಗದಲ್ಲಿ ಇದು ಗಾಬರಿ ಹುಟ್ಟಿಸುತ್ತದೆ; ಕೊನೆಯ ಮೆಷಿನ್‌ಗನ್ ದೃಶ್ಯದ ಹೊತ್ತಿಗೆ ಸಾವು ನೃತ್ಯದಷ್ಟು ಸೊಗಸಾಗಿಬಿಡುತ್ತದೆ, ಆ ಸೊಗಸಿನಲ್ಲಿ ಸತ್ತವರ ಮುಖಗಳೇ ಮರೆಯಾಗುತ್ತವೆ.

‘ಬುಚ್ ಕ್ಯಾಸಿಡಿ’ ನೋಡುವುದಕ್ಕೆ ಹೆಚ್ಚು ಹಿತವಾದ ಚಿತ್ರ. ಪಾಲ್ ನ್ಯೂಮನ್ ಮತ್ತು ರಾಬರ್ಟ್ ರೆಡ್‌ಫೋರ್ಡ್ ಅವರ ಮಾತಿನ ಚಕಮಕಿ, ಕಾನ್ರಾಡ್ ಹಾಲ್ ಅವರಿಗೆ ಆಸ್ಕರ್ ತಂದ ಛಾಯಾಗ್ರಹಣ, ಎಲ್ಲಿಯೂ ಬೇಸರ ತರಿಸದ ಓಟ ಅದರಲ್ಲಿವೆ. ಅದರ ನಡುವೆ ಒಂದು ಗಂಭೀರ ಗಳಿಗೆ ಬರುತ್ತದೆ. ಬೊಲಿವಿಯಾದಲ್ಲಿ ಸಂಬಳದ ಹಣಕ್ಕೆ ಕಾವಲುಗಾರರಾದ ಇಬ್ಬರೂ ಡಕಾಯಿತರಿಗೆ ಎದುರಾದಾಗ, ತಾನು ಇದುವರೆಗೆ ಯಾರಿಗೂ ಗುಂಡು ಹೊಡೆದಿಲ್ಲವೆಂದು ಬುಚ್ ಹೇಳುತ್ತಾನೆ. ಆಮೇಲೆ ಡಕಾಯಿತರು ನಿಧಾನಗತಿಯಲ್ಲಿ ಸತ್ತು ಬೀಳುತ್ತಾರೆ. ಚಿತ್ರ ಆ ಭಾರವನ್ನು ಹೆಚ್ಚು ಹೊತ್ತು ಹೊರುವುದಿಲ್ಲ. ಕೊನೆಯಲ್ಲಿ ನಾಯಕರಿಬ್ಬರೂ ಹೊರಕ್ಕೆ ನುಗ್ಗಿದ ಕ್ಷಣದಲ್ಲೇ ಚಿತ್ರ ಸ್ತಬ್ಧವಾಗುತ್ತದೆ, ಗುಂಡಿನ ಸದ್ದು ಮಾತ್ರ ಕೇಳುತ್ತದೆ. ಸಾವನ್ನು ಮರೆಯಲ್ಲಿಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ ‘ಶೋಲೆ’ಯಲ್ಲೂ ಗಬ್ಬರನ ಗುಂಡು ಮಗುವಿಗೆ ತಗಲುವುದನ್ನು ತೋರಿಸುವುದಿಲ್ಲ, ಆದರೆ ಠಾಕೂರ್ ಆ ಮಗುವಿನ ಮೇಲಿನ ಬಟ್ಟೆಯನ್ನು ಸರಿಸಿ ನೋಡಬೇಕಾಗುತ್ತದೆ. ಹಿಲ್ ಅವರ ಚಿತ್ರದಲ್ಲಿ ಯಾರೂ ಏನನ್ನೂ ನೋಡಬೇಕಾಗುವುದಿಲ್ಲ.

ಹೆಂಗಸರ ಚಿತ್ರಣದಲ್ಲಿ ‘ವೈಲ್ಡ್ ಬಂಚ್’ ಅಕ್ಷಮ್ಯವಾಗಿ ಒರಟಾಗಿದೆ. ತನ್ನನ್ನು ಬಿಟ್ಟು ಮೆಕ್ಸಿಕೊದ ಜನರಲ್ ಮಪಾಚೆಯ ಬಳಿ ಸೇರಿದ ಹುಡುಗಿಯನ್ನು ಪೈಕ್‌ನ ಗುಂಪಿನ ಏಂಜೆಲ್ ಕೊಂದಾಗ ಅವಳಿಗಾಗಿ ಮರುಗಲು ಚಿತ್ರ ನಿಲ್ಲುವುದೇ ಇಲ್ಲ. ಕೊನೆಯ ಕಾಳಗದಲ್ಲಿ ಅದೇ ಗುಂಪಿನ ಡಚ್ ಒಬ್ಬ ಹೆಂಗಸನ್ನೇ ಗುರಾಣಿಯಾಗಿ ಹಿಡಿಯುತ್ತಾನೆ. ಇನ್ನೊಂದು ಚಿತ್ರದಲ್ಲಿ ಸನ್‌ಡ್ಯಾನ್ಸ್‌ನ ಪ್ರೇಯಸಿ ಎಟ್ಟಾ, ನಿಮ್ಮ ಸಾವನ್ನು ನಾನು ನೋಡಲಾರೆನೆಂದು ಮೊದಲೇ ಹೇಳಿ, ಸಮಯ ಬಂದಾಗ ಹೊರಟುಹೋಗುತ್ತಾಳೆ. ಅಷ್ಟು ಸ್ವಂತ ನಿರ್ಧಾರ ಪೆಕಿನ್‌ಪಾ ಚಿತ್ರದ ಯಾವ ಹೆಣ್ಣಿಗೂ ಸಿಕ್ಕಿಲ್ಲ. ಆದರೂ ಸನ್‌ಡ್ಯಾನ್ಸ್ ಬಂದೂಕು ಹಿಡಿದು ಅವಳ ಬಟ್ಟೆ ಬಿಚ್ಚಿಸುವ ಪರಿಚಯದ ದೃಶ್ಯವನ್ನು, ಅದು ಪ್ರೇಮಿಗಳ ಆಟವೆಂದು ತಿಳಿದ ಮೇಲೂ, ಸಹಿಸುವುದು ನನಗೆ ಕಷ್ಟವಾಯಿತು.

ಇಷ್ಟೆಲ್ಲ ತಕರಾರಿದ್ದರೂ ಮತ್ತೊಮ್ಮೆ ನೋಡಲು ನಾನು ಆರಿಸಿಕೊಳ್ಳುವುದು ‘ವೈಲ್ಡ್ ಬಂಚ್’ ಅನ್ನೇ. ಮಪಾಚೆಯ ಮೋಟಾರು ಕಾರಿಗೆ ಕಟ್ಟಿ ಎಳೆಸಿಕೊಳ್ಳುವ ಏಂಜೆಲ್‌ನನ್ನು ಒಮ್ಮೆ ಕೈಬಿಟ್ಟು ನಡೆದವರು, ಆ ನಾಚಿಕೆಯನ್ನು ತಾಳಲಾರದೆ, ಒಂದೆರಡು ಮಾತಷ್ಟೇ ಆಡಿ ಸಾವಿನ ಕಡೆಗೆ ಹೆಜ್ಜೆಹಾಕುವ ದೃಶ್ಯಕ್ಕೆ ಸಾಟಿಯಾದದ್ದು ಇನ್ನೊಂದರಲ್ಲಿ ಇಲ್ಲ. ಕಾಳಗದ ನಂತರ ರಣಹದ್ದುಗಳನ್ನೂ ಹೆಣ ದೋಚುವವರನ್ನೂ ತೋರಿಸುವ ಧೈರ್ಯ ಪೆಕಿನ್‌ಪಾ ಅವರಿಗಿತ್ತು. ಅಲ್ಲಿಗೇ ನಿಲ್ಲಿಸದೆ, ಸತ್ತವರ ನಗುಮುಖಗಳನ್ನು ಮತ್ತೆ ತೆರೆಗೆ ತಂದದ್ದು ನನಗೆ ಒಪ್ಪಿಗೆಯಾಗಲಿಲ್ಲ. ಹಿಲ್ ಸ್ತಬ್ಧಚಿತ್ರದಿಂದ ಮಾಡಿದ್ದನ್ನೇ ಅವರು ನಗುವಿನಿಂದ ಮಾಡಿದರು.

‘ವೈಲ್ಡ್ ಬಂಚ್’ ನೋಡುವವರು 145 ನಿಮಿಷದ ಆವೃತ್ತಿಯನ್ನೇ ಹುಡುಕಬೇಕು. ಬಿಡುಗಡೆಯ ನಂತರ ಅಮೆರಿಕದಲ್ಲಿ ಕತ್ತರಿಸಲಾಗಿದ್ದ ಹಿನ್ನೋಟದ ದೃಶ್ಯಗಳು 1995ರ ಮರುಬಿಡುಗಡೆಯಲ್ಲಿ ಸೇರಿಕೊಂಡಿವೆ. ಈಗ ಬೇಟೆಗಾರರ ಮುಂದಾಳಾಗಿರುವ ಹಳೆಯ ಜೊತೆಗಾರ ಥಾರ್ನ್‌ಟನ್ ಹಿಂದೆ ಸೆರೆಸಿಕ್ಕಾಗ ಪೈಕ್ ಅವನನ್ನು ಬಿಟ್ಟು ಓಡಿದ್ದು ತಿಳಿಯದಿದ್ದರೆ, ಏಂಜೆಲ್‌ಗಾಗಿ ಪೈಕ್ ಹಿಂತಿರುಗುವುದರ ಅರ್ಥ ಅರ್ಧವೇ ಸಿಗುತ್ತದೆ.